90 ದಿನಗಳ ಷರತ್ತು ಮತ್ತು ನಮ್ಮ ಹಲಾಲ್ ಲೆಕ್ಕ

ಬಡ್ಡಿ ಕೊಟ್ಟಿಲ್ಲ, ಬಡ್ಡಿ ತಿಂದಿಲ್ಲ, ಹೆಂಡ ಮಾರಿಲ್ಲ, ಜೂಜು ಆಡಿಲ್ಲ. ಆದ್ದರಿಂದ ಈ ಹಣ ಹಲಾಲ್. ನಮ್ಮ ಸಮುದಾಯದ ಓದಿದ ವರ್ಗ ತನ್ನ ಸಂಪಾದನೆಯ ಲೆಕ್ಕ ಒಪ್ಪಿಸುವಾಗ ಬಳಸುವ ಸೂತ್ರ ಇದು. ಸೂತ್ರ ಚಿಕ್ಕದು, ಹೇಳುವುದು ಸುಲಭ, ಕೇಳಿದವರ ಮನಸ್ಸಿಗೂ ಹಿತ. ಅದರ ದೋಷ ಒಂದೇ: ಅದು ಅರ್ಧ ಲೆಕ್ಕ. ಬಡ್ಡಿಯನ್ನು ಮುಂಬಾಗಿಲಲ್ಲಿ ತಡೆದು ನಿಲ್ಲಿಸಿ, ಮಾತು ಮುರಿಯುವುದನ್ನೂ ಸುಳ್ಳು ಕಾಗದಕ್ಕೆ ಸಹಿ ಹಾಕುವುದನ್ನೂ ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಳ್ಳುವ ಒಂದು ವ್ಯಾಪಾರದ ಬಗ್ಗೆ ಇಲ್ಲಿ ಬರೆಯಬೇಕಾಗಿದೆ.

ಅದು ಅಮೆರಿಕದ ವ್ಯಾಪಾರ. ಆದರೆ ಅದನ್ನು ಸಮರ್ಥಿಸುವ ಮಾತು ನಮ್ಮ ಮನೆಗಳಲ್ಲಿ ಕನ್ನಡದಲ್ಲೂ ಉರ್ದುವಿನಲ್ಲೂ ಕೇಳಿಬರುತ್ತಿದೆ. ನಮ್ಮ ಊರುಗಳಿಂದ ಹೋಗಿ ಅಲ್ಲಿ ಕೆಲಸ ಮಾಡುತ್ತಿರುವ ಹುಡುಗರಲ್ಲಿ ಕೆಲವರು ಸಂಬಳದ ಜೊತೆಗೆ ಮನೆ ಕೊಂಡು ಮಾರುವ ಕಸುಬನ್ನೂ ಹಚ್ಚಿಕೊಂಡಿದ್ದಾರೆ. ನಾಲ್ಕೈದು ಮಂದಿ ಗೆಳೆಯರು ಸೇರಿ ಬಂಡವಾಳ ಹಾಕುತ್ತಾರೆ, ಬ್ಯಾಂಕಿನ ಸಾಲ ಮುಟ್ಟುವುದಿಲ್ಲ, ನಗದು ಕೊಟ್ಟು ಕೊಳ್ಳುತ್ತಾರೆ, ಲಾಭಕ್ಕೆ ಮಾರುತ್ತಾರೆ. 'ವ್ಯಾಪಾರವನ್ನು ಅಲ್ಲಾಹನು ಸಮ್ಮತಿಸಿದ್ದಾನಲ್ಲ' ಎಂಬುದು ಅವರ ವಾದ. ಸಮ್ಮತಿಸಿದ್ದಾನೆ, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಇದು ಎಂಥ ವ್ಯಾಪಾರ ಎಂಬುದರಲ್ಲಿ.

ಅವರಲ್ಲಿ ಕೆಲವರು ಕೊಳ್ಳುವುದು 'ಶಾರ್ಟ್ ಸೇಲ್' ಮನೆಗಳನ್ನು. ಷೇರುಪೇಟೆಯಲ್ಲಿ ಇದೇ ಹೆಸರಿನ ಬೇರೊಂದು ವ್ಯವಹಾರವಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದು ಕುಟುಂಬ ಬ್ಯಾಂಕಿನ ಸಾಲದಲ್ಲಿ ಮನೆ ಕೊಂಡಿದೆ ಎಂದುಕೊಳ್ಳೋಣ. ತೀರಿಸಬೇಕಾದ ಸಾಲ 3 ಲಕ್ಷ ಡಾಲರ್. ಮನೆಯ ಯಜಮಾನನ ಕೆಲಸ ಹೋಯಿತು, ಇಲ್ಲವೇ ಕಾಯಿಲೆ ಬಂತು. ಅದೇ ಹೊತ್ತಿಗೆ ಮನೆಯ ಬೆಲೆ 2 ಲಕ್ಷಕ್ಕೆ ಕುಸಿಯಿತು. ಮಾರಿದರೂ ಸಾಲ ತೀರದು. ಆಗ ಬ್ಯಾಂಕು ಬಂದ 2 ಲಕ್ಷವನ್ನು ತೆಗೆದುಕೊಂಡು ಅಡಮಾನವನ್ನು ಬಿಟ್ಟುಕೊಡಲು ಒಪ್ಪುತ್ತದೆ. ಸಾಲಕ್ಕಿಂತ ಕಡಿಮೆ ಬೆಲೆಗೆ ಆದ ಮಾರಾಟ. ಅದಕ್ಕೇ ಆ ಹೆಸರು. ಮಾರುವವನು ಮನೆಯ ಯಜಮಾನನೇ, ಆದರೆ ಬ್ಯಾಂಕಿನ ಒಪ್ಪಿಗೆ ಪತ್ರ ಕೈಗೆ ಬರದೆ ಕ್ರಯಪತ್ರ ಆಗುವುದಿಲ್ಲ. ಮಾರಿದವನಿಗೆ ಮನೆಯ ಹಣದಲ್ಲಿ ಪಾಲಿಲ್ಲ. 2010ರಲ್ಲಿ ಒಬಾಮಾ ಸರ್ಕಾರ ತಂದ 'ಹಾಫಾ' ಯೋಜನೆಯಲ್ಲಿ ಮನೆ ಖಾಲಿ ಮಾಡಿ ಹೋಗುವ ಕುಟುಂಬಕ್ಕೆ ಸಾಗಾಟದ ಖರ್ಚೆಂದು 3,000 ಡಾಲರ್ ಕೊಡುತ್ತಿದ್ದರು. 2016ರ ಕೊನೆಗೆ ಆ ಯೋಜನೆಯ ಬಾಗಿಲೂ ಮುಚ್ಚಿತು. 2008ರ ಆರ್ಥಿಕ ಕುಸಿತದ ನಂತರದ ವರ್ಷಗಳಲ್ಲಿ ಲಕ್ಷಾಂತರ ಮನೆಗಳು ಹೀಗೆ ಕೈ ಬದಲಾಯಿಸಿದವು. ಈಗ ಆ ಪ್ರವಾಹ ಇಳಿದಿದೆ, ಆದರೆ ನಿಂತಿಲ್ಲ.

ಹೀಗೆ ಅಗ್ಗಕ್ಕೆ ಕೊಂಡ ಮನೆಯನ್ನು ಕೆಲವೇ ದಿನಗಳಲ್ಲಿ ಹೆಚ್ಚಿನ ಬೆಲೆಗೆ ಮಾರುವುದಕ್ಕೆ ಅಲ್ಲಿ 'ಫ್ಲಿಪ್' ಮಾಡುವುದು ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಮಗುಚಿ ಹಾಕುವುದು. ಹೆಂಚಿನ ಮೇಲಿನ ದೋಸೆಗೆ ಸಲ್ಲುವ ಮಾತು ಮನುಷ್ಯರು ಬಾಳಿದ ಮನೆಗೆ ಸಲ್ಲುತ್ತಿದೆ.

ಬ್ಯಾಂಕು ಇದನ್ನು ಸುಮ್ಮನೆ ನೋಡುತ್ತಾ ಕೂರುವುದಿಲ್ಲ. 2 ಲಕ್ಷಕ್ಕಿಂತ ಹೆಚ್ಚು ಹುಟ್ಟುವುದಿಲ್ಲ ಎಂದು ನಂಬಿಸಿ ಕೊಂಡವನು ಮರುದಿನವೇ ಎರಡೂವರೆ ಲಕ್ಷಕ್ಕೆ ಮಾರಿದರೆ, ತಾನು 50,000 ಡಾಲರ್ ಕಳೆದುಕೊಂಡೆ ಎಂದೇ ಬ್ಯಾಂಕು ಲೆಕ್ಕ ಹಾಕುತ್ತದೆ. ಅದಕ್ಕಾಗಿ ಮರುಮಾರಾಟದ ಮೇಲೆ ಷರತ್ತು. ಹಾಫಾ ಯೋಜನೆ ಆರಂಭದಲ್ಲಿ 90 ದಿನಗಳ ತನಕ ಮಾರುವಂತಿಲ್ಲ ಎಂದಿತ್ತು. ಅಮೆರಿಕದ ಗೃಹಸಾಲಗಳ ಬಹುದೊಡ್ಡ ಭಾಗದ ಹಿಂದಿರುವ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ ಎಂಬ ಎರಡು ಸಂಸ್ಥೆಗಳು 2012ರಲ್ಲಿ ಒಂದೇ ಬಗೆಯ ನಿಯಮ ಮಾಡಿಕೊಂಡವು: ಮೊದಲ 30 ದಿನ ಮಾರುವಂತಿಲ್ಲ, 31ನೇ ದಿನದಿಂದ 90ನೇ ದಿನದವರೆಗೆ ಕೊಂಡ ಬೆಲೆಯ ಶೇಕಡಾ 120ಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಎಂದರೆ 2 ಲಕ್ಷಕ್ಕೆ ಕೊಂಡ ಮನೆಗೆ ಆ ಅವಧಿಯಲ್ಲಿ 2,40,000 ಡಾಲರೇ ಮಿತಿ. ಈ ಷರತ್ತನ್ನು ಕ್ರಯಪತ್ರದಲ್ಲೇ ಬರೆಸಿದರೆ ಅದು ಕೊಂಡವನಿಗೆ ಮಾತ್ರವಲ್ಲ, ಮನೆಗೇ ಅಂಟಿಕೊಳ್ಳುತ್ತದೆ. ಉಳಿದ ಬ್ಯಾಂಕುಗಳು ತಮಗೆ ತೋಚಿದಷ್ಟು ದಿನ ಬರೆಯುತ್ತವೆ. ಕೆಲವು ಬರೆಯುವುದೇ ಇಲ್ಲ.

ಇದರ ಜೊತೆಗೆ ಇನ್ನೊಂದು ಪ್ರಮಾಣಪತ್ರವಿದೆ. ಮಾರುವವನೂ ಕೊಳ್ಳುವವನೂ ನೆಂಟರಲ್ಲ, ಪಾಲುದಾರರಲ್ಲ, ಗುಟ್ಟಿನ ಒಪ್ಪಂದ ಯಾವುದೂ ಇಲ್ಲ, ಮನೆಯ ನಿಜವಾದ ಬೆಲೆಯ ಬಗ್ಗೆ ಏನನ್ನೂ ಮುಚ್ಚಿಟ್ಟಿಲ್ಲ ಎಂದು ಇಬ್ಬರೂ, ದಲ್ಲಾಳಿಗಳೂ, ಸಹಿ ಹಾಕಬೇಕು. ಸುಳ್ಳು ಹೇಳಿ ಬ್ಯಾಂಕನ್ನು ವಂಚಿಸಿದರೆ ಅಲ್ಲಿನ ಫೆಡರಲ್ ಕಾನೂನಿನಲ್ಲಿ 30 ವರ್ಷಗಳವರೆಗೆ ಜೈಲು ವಿಧಿಸಲು ಅವಕಾಶವಿದೆ.

ಸಹಿ ಹಾಕಿದ ಮೇಲೆ ಹಿಕಮತ್ತುಗಳು ಶುರುವಾಗುತ್ತವೆ. ಒಂದು ಮನೆಗೆಂದೇ ಒಂದು ಪುಟ್ಟ ಕಂಪೆನಿ ಹುಟ್ಟುಹಾಕಿ ಅದರ ಹೆಸರಿಗೆ ಮನೆ ಕೊಳ್ಳುವುದು. ಆಮೇಲೆ ಮನೆಯನ್ನು ಮಾರದೆ ಕಂಪೆನಿಯನ್ನೇ ಮಾರಿಬಿಡುವುದು. ಕ್ರಯಪತ್ರದಲ್ಲಿ ಹೆಸರು ಬದಲಾಗಲಿಲ್ಲ, ಆದ್ದರಿಂದ ಮನೆ ಮಾರಿದಂತಾಗಲಿಲ್ಲ! ಇನ್ನೊಂದು, ಟ್ರಸ್ಟ್ ಮಾಡಿ ಅದರ ಫಲಾನುಭವಿಯ ಹಕ್ಕನ್ನು ಇನ್ನೊಬ್ಬನಿಗೆ ದಾಟಿಸುವುದು. ಮತ್ತೊಂದು, ಮುಂದಿನ ಗಿರಾಕಿಯನ್ನು ಮೊದಲೇ ಗೊತ್ತುಮಾಡಿಟ್ಟುಕೊಂಡು ಅದೇ ದಿನ ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವುದು. ಬೆಳಿಗ್ಗೆಗೆ ಬೇಕಾದ ಹಣವನ್ನು ಕೆಲವೇ ಗಂಟೆಗಳ ಮಟ್ಟಿಗೆ ಶುಲ್ಕ ತೆಗೆದುಕೊಂಡು ಸಾಲ ಕೊಡುವವರೂ ಅಲ್ಲಿ ಇದ್ದಾರೆ. ಆ 'ಶುಲ್ಕ'ಕ್ಕೆ ಬಡ್ಡಿ ಎಂಬ ಹೆಸರಿಲ್ಲದ ಮಾತ್ರಕ್ಕೆ ಅದು ಬಡ್ಡಿಯಲ್ಲ ಎಂದು ನಂಬುವವರಿಗೆ ನಾನು ಏನು ಹೇಳಲಿ?

ಈ ಉಪಾಯಗಳನ್ನು ವಕೀಲರು ಕಲಿಸುತ್ತಾರೆ, ಹೋಟೆಲಿನ ಸಭಾಂಗಣಗಳಲ್ಲಿ ದುಡ್ಡು ತೆಗೆದುಕೊಂಡು ತರಬೇತಿ ಕೊಡುವವರೂ ಕಲಿಸುತ್ತಾರೆ. ಅವರ ಬಗ್ಗೆ ನನಗೆ ತಕರಾರಿಲ್ಲ. ಅದು ಅವರ ಹೊಟ್ಟೆಪಾಡು. ನನ್ನ ತಕರಾರು ಇರುವುದು ಈ ಉಪಾಯಕ್ಕೆ ದೀನಿನ ಅಂಗಿ ತೊಡಿಸುವವರ ಬಗ್ಗೆ. ಅವರ ವಾದಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ವಾದ: 'ಕೊಂಡ ಮೇಲೆ ಮನೆ ನನ್ನದು. ನನ್ನ ಸೊತ್ತನ್ನು ಮಾರಬೇಡ ಎನ್ನಲು ಬ್ಯಾಂಕು ಯಾರು? ಅಂಥ ಷರತ್ತು ಶರೀಅತ್ತಿನಲ್ಲಿ ನಿಲ್ಲುವುದಿಲ್ಲ.'

ಇದು ಓದಿಕೊಂಡವರ ವಾದ, ಆದ್ದರಿಂದ ಗೌರವದಿಂದಲೇ ಉತ್ತರಿಸಬೇಕು. ಮಾರಾಟದೊಳಗೆ ಷರತ್ತು ಹಾಕಬಹುದೇ ಎಂಬ ಬಗ್ಗೆ ಫಿಕ್ಹ್ ಪಂಡಿತರಲ್ಲಿ ಭಿನ್ನಾಭಿಪ್ರಾಯ ಇರುವುದು ನಿಜ. ಜಾಬಿರ್(ರ) ಪ್ರವಾದಿಯವರಿಗೆ(ಸ) ತಮ್ಮ ಒಂಟೆಯನ್ನು ಮಾರಿದಾಗ, ಮದೀನಾ ತಲುಪುವವರೆಗೆ ಅದರ ಮೇಲೆ ತಾವೇ ಸವಾರಿ ಮಾಡುವುದಾಗಿ ಷರತ್ತು ಇಟ್ಟಿದ್ದರು. ಪ್ರವಾದಿಯವರು(ಸ) ಅದನ್ನು ಒಪ್ಪಿಕೊಂಡಿದ್ದರು. ಈ ಹದೀಸನ್ನು ಆಧಾರವಾಗಿಟ್ಟುಕೊಂಡು ಹಂಬಲಿ ಪಂಡಿತರು ಮಾರಾಟದಲ್ಲಿ ಇಂಥ ಷರತ್ತಿಗೆ ಎಡೆ ಕೊಡುತ್ತಾರೆ. ಒಪ್ಪಂದಕ್ಕೆ ಸಹಜವಲ್ಲದ, ರೂಢಿಯಲ್ಲಿಲ್ಲದ, ಒಬ್ಬರಿಗೇ ಲಾಭ ತರುವ ಷರತ್ತು ಮಾರಾಟವನ್ನು ಕೆಡಿಸುತ್ತದೆ ಎಂದು ಹನಫಿ ಪಂಡಿತರು ಹೇಳುತ್ತಾರೆ. ಇನ್ನೊಂದು ಕಡೆ ಬರೀರಾ(ರ) ಅವರ ಪ್ರಕರಣವಿದೆ. ಅಲ್ಲಿ ಮಾರುವವರು ಇಟ್ಟ ಷರತ್ತೊಂದನ್ನು ಪ್ರವಾದಿಯವರು(ಸ) ಅಸಿಂಧು ಎಂದು ಸಾರಿದರು.

ಒಳ್ಳೆಯದು. ಷರತ್ತು ಮಾರಾಟವನ್ನು ಕೆಡಿಸುತ್ತದೆ ಎಂಬುದನ್ನೇ ಹಿಡಿಯೋಣ. ಆಗ ನಿಮ್ಮ ಮುಂದಿರುವ ದಾರಿ ಯಾವುದು? ಕೆಟ್ಟ ಮಾರಾಟವನ್ನು ಮಾಡಬಾರದು; ಮನೆ ಕೊಳ್ಳಬಾರದು. ಷರತ್ತು ಅಸಿಂಧು ಎಂದು ನಂಬಿದವನು ಅದನ್ನು ಬ್ಯಾಂಕಿನ ಮುಂದೆ ಸಹಿ ಹಾಕುವ ಮೊದಲು ಹೇಳಬೇಕು. ಷರತ್ತಿನ ಕಾರಣಕ್ಕೇ ಅಗ್ಗವಾಗಿ ಸಿಕ್ಕಿದ ಮನೆಯನ್ನು ಇಟ್ಟುಕೊಂಡು ಷರತ್ತನ್ನು ಮಾತ್ರ ಕಿತ್ತು ಬಿಸಾಡಲು ಯಾವ ಮದ್ಹಬಿನ ಪಂಡಿತರು ಅನುಮತಿ ಕೊಟ್ಟಿದ್ದಾರೆ? ಬರೀರಾ(ರ) ಅವರ ಪ್ರಕರಣದಲ್ಲಿ ಷರತ್ತು ಬಿದ್ದುಹೋದದ್ದು ಎಲ್ಲರೆದುರು ಸಾರಿದ ಮಾತಿನಿಂದ. ಯಾರೋ ಗುಟ್ಟಾಗಿ ಕಂಪೆನಿ ಕಟ್ಟಿ ಮಾಡಿದ ಕೈಚಳಕದಿಂದ ಅಲ್ಲ. ಹಲಾಲನ್ನು ಹರಾಮು ಮಾಡದ, ಹರಾಮನ್ನು ಹಲಾಲು ಮಾಡದ ಷರತ್ತಿಗೆ ಮುಸ್ಲಿಮರು ಬದ್ಧರು ಎಂಬುದು ನಾವೆಲ್ಲ ಮದರಸದಲ್ಲಿ ಕಲಿತ ಪಾಠ. ಮೂರು ತಿಂಗಳು ಕಾಯುವುದು ಹರಾಮೇ?

ಮರೆಯಬಾರದ ಇನ್ನೊಂದು ಸಂಗತಿ: ಬ್ಯಾಂಕು ಇಲ್ಲಿ ಮಾರುವವನಲ್ಲ, ಅಡವು ಹಿಡಿದವನು. ಅಡವಿಟ್ಟ ವಸ್ತುವನ್ನು ಅಡವು ಹಿಡಿದವನ ಒಪ್ಪಿಗೆ ಇಲ್ಲದೆ ಮಾರಲಾಗದು ಎಂಬುದು ನಮ್ಮ ಫಿಕ್ಹ್ ಗ್ರಂಥಗಳ 'ರಹನ್' ಅಧ್ಯಾಯದಲ್ಲೂ ಇರುವ ಮಾತು. ಒಪ್ಪಿಗೆ ಕೊಡುವವನು 'ಇಷ್ಟಕ್ಕೆ ಒಪ್ಪುತ್ತೇನೆ' ಎಂದಾಗ ಆ 'ಇಷ್ಟ'ವನ್ನು ಬದಿಗಿಟ್ಟು ಒಪ್ಪಿಗೆಯನ್ನು ಮಾತ್ರ ಎತ್ತಿಕೊಂಡು ಹೋಗುವುದಕ್ಕೆ ನಮ್ಮ ಊರಿನ ಭಾಷೆಯಲ್ಲಿ ಒಂದೇ ಹೆಸರು: ದಗಾ.

ಎರಡನೆಯ ವಾದ: 'ನಾವು ಮನೆ ಮಾರಿಲ್ಲ, ಕಂಪೆನಿ ಮಾರಿದ್ದೇವೆ. ಅಕ್ಷರಶಃ ಷರತ್ತು ಮುರಿದಿಲ್ಲ.'

ಈ ವಾದಕ್ಕೆ ಉತ್ತರ ಕೊಡಲು ಅಮೆರಿಕದ ಕಾನೂನು ಪುಸ್ತಕ ಬೇಡ. ಸಬ್ಬತ್ ದಿನ ಮೀನು ಹಿಡಿಯಬಾರದೆಂದು ಆಜ್ಞೆ ಇದ್ದ ಕಡಲತೀರದ ಜನರ ಪ್ರಸಂಗ ಪವಿತ್ರ ಕುರ್‌ಆನಿನ ಅಲ್ ಅಅರಾಫ್ ಅಧ್ಯಾಯದಲ್ಲಿದೆ. ಆ ದಿನವೇ ಮೀನುಗಳು ದಡದ ಹತ್ತಿರ ತೇಲಿ ಬರುತ್ತಿದ್ದವು. ಅವರು ಏನು ಮಾಡಿದರು ಎಂಬುದನ್ನು ವ್ಯಾಖ್ಯಾನಕಾರರು ವಿವರಿಸಿದ್ದಾರೆ: ಹಿಂದಿನ ದಿನವೇ ಬಲೆ ಹಾಕಿಟ್ಟು, ಸಬ್ಬತ್ ದಿನ ಕೈ ಕಟ್ಟಿ ಕೂತು, ಮರುದಿನ ಮೀನು ಬಾಚಿಕೊಂಡರು. ಅಕ್ಷರಶಃ ಅವರೂ ಆಜ್ಞೆ ಮುರಿಯಲಿಲ್ಲ. ದಿನ ಎಣಿಸುವ ಷರತ್ತು, ಮೊದಲೇ ಹಾಕಿಟ್ಟ ಬಲೆ, ಕೈ ತೊಳೆದುಕೊಂಡ ಮುಗ್ಧ ಮುಖ. ಇದನ್ನು ಓದುವಾಗ ನಮ್ಮ ಹುಡುಗರಿಗೆ ತಮ್ಮ ಕಂಪೆನಿ ನೆನಪಾಗದಿದ್ದರೆ ಅವರು ಕುರ್‌ಆನನ್ನು ಬರಿಯ ಬರಕತ್ತಿಗಾಗಿ ಓದುತ್ತಿದ್ದಾರೆ ಎಂದರ್ಥ.

ಇನ್ನು, ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವವರ ವಿಷಯ. ಅವರು ಮಧ್ಯಾಹ್ನದ ಗಿರಾಕಿಯೊಡನೆ ಕರಾರು ಮಾಡಿಕೊಂಡಿರುವುದು ಬೆಳಗಿನ ಖರೀದಿಗೆ ವಾರಗಳ ಮುಂಚೆ. ತನ್ನ ಬಳಿ ಇಲ್ಲದ್ದನ್ನು ಮಾರಬಾರದೆಂದು ಪ್ರವಾದಿಯವರು(ಸ) ಹಕೀಮ್ ಬಿನ್ ಹಿಝಾಮ್(ರ) ಅವರಿಗೆ ಹೇಳಿದ್ದು ನಮ್ಮ ವ್ಯಾಪಾರ ಶಾಸ್ತ್ರದ ಬುನಾದಿ. ಸ್ಥಿರಾಸ್ತಿಯನ್ನು ಸ್ವಾಧೀನಕ್ಕೆ ಪಡೆಯುವ ಮೊದಲೇ ಮಾರಬಹುದು ಎಂಬ ಇಮಾಮ್ ಅಬೂ ಹನೀಫಾರ ಅಭಿಪ್ರಾಯವನ್ನು ಹನಫಿಗಳು ಇಲ್ಲಿ ಮುಂದೆ ತರುತ್ತಾರೆ. ಕರಾವಳಿಯ ಶಾಫಿ ಹುಡುಗರಿಗೆ ಆ ಆಸರೆಯೂ ಇಲ್ಲ. ಆದರೆ ಹನಫಿಗಳಿಗೂ ನೆನಪಿರಲಿ, ಆ ಅಭಿಪ್ರಾಯ ಕೊಂಡಾದ ಮೇಲಿನ ಮಾತು, ಸ್ವಾಧೀನ ಮಾತ್ರ ಬಾಕಿ ಇರುವಾಗಿನ ಮಾತು. ಇನ್ನೂ ಕೊಂಡೇ ಇಲ್ಲದ ಮನೆಗೆ ಅದು ಅನ್ವಯಿಸದು.

ಮೂರನೆಯ ವಾದವೇ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸುವುದು: 'ಹೋದರೆ ಬ್ಯಾಂಕಿನದು ಹೋಗುತ್ತದೆ. ಬಡ್ಡಿಯ ಬ್ಯಾಂಕಿಗೆ ಮೋಸವಾದರೆ ನಮಗೇನು?'

ಬಡ್ಡಿಯನ್ನು ಅಷ್ಟು ಕಠಿಣವಾಗಿ ಖಂಡಿಸಿದ ಅಲ್ ಬಕರಾ ಅಧ್ಯಾಯದ ವಚನಗಳೇ ಬಡ್ಡಿ ಬಿಟ್ಟವನಿಗೆ ಅವನ ಅಸಲು ಸಲ್ಲಬೇಕೆಂದೂ, ಎರಡೂ ಕಡೆ ಅನ್ಯಾಯವಾಗಬಾರದೆಂದೂ ಹೇಳುತ್ತವೆ. ಇಲ್ಲಿ ಬ್ಯಾಂಕು ಬಿಟ್ಟುಕೊಡುತ್ತಿರುವುದರಲ್ಲಿ ಬಹುಪಾಲು ಅಸಲೇ. ಅದಿರಲಿ. ಹೋಗುವುದು ಬ್ಯಾಂಕಿನದು ಮಾತ್ರ ಎಂಬುದೇ ಸುಳ್ಳು.

ಲೆಕ್ಕ ನೋಡಿ. ಸಾಲ 3 ಲಕ್ಷ, ಬಂದದ್ದು 2 ಲಕ್ಷ. ಉಳಿದ 1 ಲಕ್ಷ ಏನಾಯಿತು? ಬ್ಯಾಂಕು ಅದನ್ನು ಬರೆದುಕೊಟ್ಟು ಮನ್ನಾ ಮಾಡಿದರೆ ಸರಿ. ಮಾಡದಿದ್ದರೆ, ಅನೇಕ ರಾಜ್ಯಗಳಲ್ಲಿ ಆ ಬಾಕಿಗಾಗಿ ಮನೆ ಕಳೆದುಕೊಂಡವನ ಬೆನ್ನು ಹತ್ತಬಹುದು. ಕ್ಯಾಲಿಫೋರ್ನಿಯಾ 2011ರಲ್ಲಿ ಕಾನೂನು ಮಾಡಿ, ಶಾರ್ಟ್ ಸೇಲಿಗೆ ಒಪ್ಪಿದ ಬ್ಯಾಂಕು ಬಾಕಿ ಕೇಳದಂತೆ ತಡೆಯಿತು. ಎಲ್ಲ ರಾಜ್ಯಗಳೂ ಹಾಗೆ ಮಾಡಿಲ್ಲ. ಮನ್ನಾ ಆದರೂ ಮನ್ನಾ ಆದ ಹಣವನ್ನು ಅವನ ಆದಾಯವೆಂದು ಎಣಿಸಿ ತೆರಿಗೆ ಕೇಳುವುದು ಅಮೆರಿಕದ ಮೂಲ ನಿಯಮ. ಕೈಗೆ ಬಾರದ ಹಣಕ್ಕೆ ತೆರಿಗೆ! 2007ರ ಡಿಸೆಂಬರಿನಲ್ಲಿ ಇದಕ್ಕೆ ವಿನಾಯಿತಿ ತಂದ ಕಾನೂನನ್ನು ತಾತ್ಕಾಲಿಕವೆಂದೇ ಮಾಡಿ, ಅವಧಿ ಮುಗಿದಾಗಲೆಲ್ಲ ವಿಸ್ತರಿಸುತ್ತಾ ಬಂದರು. ಈಗ ಯೋಚಿಸಿ: ಎರಡೂವರೆ ಲಕ್ಷ ಕೊಡುವ ಗಿರಾಕಿ ನಿಮ್ಮ ಜೇಬಿನಲ್ಲಿದ್ದೂ ಬ್ಯಾಂಕಿಗೆ 2 ಲಕ್ಷವೇ ಬೆಲೆ ಎಂದು ಹೇಳಿದಿರಿ. ನೀವು ಮುಚ್ಚಿಟ್ಟ ಆ 50,000 ಡಾಲರ್ ಆ ಕುಟುಂಬದ ಬಾಕಿಯಲ್ಲಿ ಇಳಿಯಬೇಕಾಗಿದ್ದ ಹಣ. ಬ್ಯಾಂಕಿನ ಜೇಬಿಗೆ ಕೈ ಹಾಕಿದೆನೆಂದು ನೀವು ತಿಳಿದಿರಿ. ಕೈ ಹೋದದ್ದು ಮನೆ ಬಿಟ್ಟು ಹೋಗುತ್ತಿರುವವನ ಜೇಬಿಗೆ.

ಇದಕ್ಕೆ ಅಲ್ಲಿನವರು ಇಟ್ಟಿರುವ ಹೆಸರು 'ಫ್ಲಾಪಿಂಗ್'. ಶಾರ್ಟ್ ಸೇಲಿನಲ್ಲಿ ಎಷ್ಟೋ ಬಾರಿ ಬ್ಯಾಂಕು ಬೆಲೆ ತಿಳಿಯುವುದು ಸ್ಥಳೀಯ ದಲ್ಲಾಳಿಯೊಬ್ಬ ಬರೆದುಕೊಡುವ ಅಂದಾಜಿನಿಂದ. ಆ ಅಂದಾಜನ್ನು ಇಳಿಸಲು ಸೋರುವ ಮಾಡು, ಒಡೆದ ಗೋಡೆ, ಎಲ್ಲವನ್ನೂ ಉಬ್ಬಿಸಿ ತೋರಿಸುತ್ತಾರೆ. ಹೆಚ್ಚು ಬೆಲೆಗೆ ಕೇಳಿದವನ ಪತ್ರವನ್ನು ಬ್ಯಾಂಕಿಗೆ ಕಳಿಸುವುದೇ ಇಲ್ಲ. 2010ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಇಬ್ಬರು ಏಜೆಂಟರು ಇಂಥದೇ ಕೆಲಸಕ್ಕಾಗಿ ಫೆಡರಲ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಷರತ್ತು ಮೀರುವ ಪ್ರತಿಯೊಬ್ಬನೂ ಫ್ಲಾಪಿಂಗ್ ಮಾಡಿದವನೆಂದು ನಾನು ಹೇಳುತ್ತಿಲ್ಲ. ಆದರೆ ಎರಡೂ ಒಂದೇ ಓಣಿಯ ಅಕ್ಕಪಕ್ಕದ ಮನೆಗಳು. ಒಂದರಲ್ಲಿ ಕೂತವನು ಇನ್ನೊಂದರ ಊಟದ ವಾಸನೆ ಗೊತ್ತಿಲ್ಲ ಎನ್ನಲಾರ.

ಇಷ್ಟು ಹೇಳಿದ ಮಾತ್ರಕ್ಕೆ ಬ್ಯಾಂಕಿನ ವಕಾಲತ್ತು ವಹಿಸಿದೆ ಎಂದು ಯಾರೂ ಭಾವಿಸಬಾರದು. ಈ ಷರತ್ತನ್ನು ಬರೆದವರ ಹೃದಯದಲ್ಲಿ ಮನೆ ಕಳೆದುಕೊಂಡವರ ಬಗ್ಗೆ ಕನಿಕರವಿತ್ತೆಂದು ನಾನು ನಂಬಿಲ್ಲ. ಷರತ್ತಿನ ಅಕ್ಷರಗಳನ್ನೇ ಓದಿ ನೋಡಿ. ಕೊಂಡವನಿಗೆ ತಡೆ 90 ದಿನ. ಮಾರಿಕೊಂಡವನಿಗೆ? ಶಾರ್ಟ್ ಸೇಲ್ ಆದವನು ಫ್ಯಾನಿ ಮೇ ಬೆಂಬಲದ ಗೃಹಸಾಲಕ್ಕೆ ಮತ್ತೆ ಅರ್ಹನಾಗಲು ಸಾಮಾನ್ಯವಾಗಿ 4 ವರ್ಷ ಕಾಯಬೇಕು. ಸೋತವನಿಗೆ ವರ್ಷಗಳ ಲೆಕ್ಕ, ಗೆದ್ದವನಿಗೆ ದಿನಗಳ ಲೆಕ್ಕ. 91ನೇ ದಿನ ಅದೇ ಮನೆಯನ್ನು ದುಪ್ಪಟ್ಟಿಗೆ ಮಾರಿದರೂ ಆ ಕುಟುಂಬಕ್ಕೆ ಅದರಲ್ಲಿ ಒಂದು ಡಾಲರೂ ಇಲ್ಲ. ಈ ಷರತ್ತು ಕಾಯುವುದು ಬ್ಯಾಂಕಿನ ಲೆಕ್ಕಪುಸ್ತಕವನ್ನು ಮಾತ್ರ.

ಅಷ್ಟೇ ಅಲ್ಲ. ಸರಿಯಾಗಿ ಓದದ ಕಾಗದಗಳಿಗೆ ಸಾಲುಸಾಲಾಗಿ ಸಹಿ ಹಾಕಿ ಜನರ ಮನೆ ಜಪ್ತಿ ಮಾಡಿದ ಹಗರಣದಲ್ಲಿ ಸಿಕ್ಕಿಬಿದ್ದ 5 ದೊಡ್ಡ ಬ್ಯಾಂಕುಗಳು 2012ರ ಫೆಬ್ರವರಿಯಲ್ಲಿ ಸರ್ಕಾರಗಳೊಡನೆ 2,500 ಕೋಟಿ ಡಾಲರುಗಳ ರಾಜಿ ಮಾಡಿಕೊಂಡವು. ಗ್ರಾಹಕರಿಗೆ ಕೊಡಬೇಕಾದ ಪರಿಹಾರದ ಬಾಬಿನಲ್ಲಿ, ಶಾರ್ಟ್ ಸೇಲ್ ಮಾಡಿಸಿ ಬಿಟ್ಟುಕೊಟ್ಟ ಸಾಲವನ್ನೂ ಜಮೆ ಹಿಡಿಯಲು ಅವಕ್ಕೆ ಅವಕಾಶ ಸಿಕ್ಕಿತು. ಮನೆ ಬಿಟ್ಟು ಹೋದವನ ಹೆಸರಿನಲ್ಲಿ 'ಪರಿಹಾರ' ಬರೆದುಕೊಳ್ಳುವುದು ಎಂದರೆ ಇದು.

ಇನ್ನೂ ಒಂದು ನೋಡಿ. ಶಾರ್ಟ್ ಸೇಲಿನ ಪ್ರಮಾಣಪತ್ರ, ಮನೆಯ ಹಳೆಯ ಯಜಮಾನ ಬಾಡಿಗೆಗಾಗಲಿ ಮರುಖರೀದಿಯಿಂದಾಗಲಿ ಅಲ್ಲೇ ಉಳಿಯುವ ಏರ್ಪಾಡು ಇರಬಾರದು ಎನ್ನುತ್ತದೆ. ಜಪ್ತಿಯಾದ ಮನೆಗಳ ವಿಷಯದಲ್ಲೂ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್‌ಗಳ ನೀತಿ ಇದೇ ಆಗಿತ್ತು. ಬಾಸ್ಟನ್ನಿನ ಒಂದು ಸಂಸ್ಥೆ 2009ರಿಂದ ಅಂಥ ಮನೆಗಳನ್ನು ಕುಸಿದ ಬೆಲೆಗೆ ಕೊಂಡು ಅವೇ ಕುಟುಂಬಗಳಿಗೆ ಮರಳಿ ಮಾರುತ್ತಿತ್ತು. ಅದೂ ಸಾಲದ ವ್ಯವಹಾರವೇ, ಅದರ ಮೇಲೂ ಮುಂದೆ ದೂರುಗಳು ಬಂದವು. ಆದರೆ ಜನ ತಮ್ಮ ಮನೆಯಲ್ಲೇ ಉಳಿದರು. ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲಿ ಇಂಥ ಮರುಮಾರಾಟವನ್ನು ರಕ್ಷಿಸುವ ಕಾನೂನು ಮಾಡಿತು. ಎರಡು ಸಂಸ್ಥೆಗಳು ಜಗ್ಗದಿದ್ದಾಗ 2014ರಲ್ಲಿ ನ್ಯಾಯಾಲಯಕ್ಕೂ ಹೋಯಿತು. ಅಲ್ಲಿ ಗೆಲುವು ಸಿಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮೇಲಿನ ನಿಯಂತ್ರಣ ಸಂಸ್ಥೆಯೇ ಮೆತ್ತಗಾಗಿ, ತನ್ನ ಕೈಯಲ್ಲಿದ್ದ ಜಪ್ತಿ ಮನೆಗಳನ್ನು ಹಳೆಯ ಯಜಮಾನನಿಗೂ ಮಾರುಕಟ್ಟೆ ಬೆಲೆಗೆ ಮಾರಬಹುದೆಂದಿತು. ಮರುಮಾರಾಟದ ಷರತ್ತು ಲಾಭಕೋರನನ್ನು ಮೂರು ತಿಂಗಳು ತಡೆಯುತ್ತದೆ, ಮನೆ ಉಳಿಸಿಕೊಳ್ಳಲು ಬಂದವನನ್ನು ಪೂರ್ತಿ ತಡೆಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಅನ್ಯಾಯದ ಷರತ್ತನ್ನು ಮುರಿದರೆ ತಪ್ಪೇನು ಎಂದು ಕೇಳುವಿರಾ? ಮುರಿಯುವುದು ಯಾರಿಗಾಗಿ ಎಂಬುದು ನನ್ನ ಮರುಪ್ರಶ್ನೆ. ಆ ಕುಟುಂಬವನ್ನು ಮನೆಯಲ್ಲಿ ಉಳಿಸಲು ನೀವು ಬಹಿರಂಗವಾಗಿ ಹೋರಾಡಿದ್ದರೆ ನಾನು ನಿಮ್ಮ ಪರವಾಗಿಯೇ ಬರೆಯುತ್ತಿದ್ದೆ. ನೀವು ಕಂಪೆನಿ ಕಟ್ಟಿದ್ದು 40 ದಿನ ಮೊದಲೇ ಲಾಭ ಎಣಿಸಲು. ಬ್ಯಾಂಕಿನ ಪಾಪವನ್ನು ನಿಮ್ಮ ಪಾಪಕ್ಕೆ ಕೊಡೆಯಾಗಿ ಹಿಡಿಯಬೇಡಿ.

ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬುದು ಅಲ್ ಬಕರಾದ ಅದೇ ವಚನಗಳ ಮುಂದಿನ ಉಪದೇಶ. ಮದೀನಾದಲ್ಲಿ ಕಅಬ್ ಬಿನ್ ಮಾಲಿಕ್(ರ) ತಮಗೆ ಬರಬೇಕಾದ ಸಾಲಕ್ಕಾಗಿ ಒಬ್ಬರೊಡನೆ ಮಸೀದಿಯಲ್ಲೇ ಜೋರು ಮಾತಿಗಿಳಿದಾಗ, ಪ್ರವಾದಿಯವರು(ಸ) ತಮ್ಮ ಕೋಣೆಯ ಪರದೆ ಸರಿಸಿ, ಅರ್ಧ ಬಿಟ್ಟುಬಿಡಿ ಎಂದು ಕೈಸನ್ನೆ ಮಾಡಿದರು. ಕಅಬ್(ರ) ಒಪ್ಪಿದರು. ಕೂಡಲೇ ಸಾಲಗಾರನ ಕಡೆ ತಿರುಗಿ, ಎದ್ದು ಉಳಿದರ್ಧ ತೀರಿಸಲು ಹೇಳಿದರು. ಇದೂ ಸಾಲಕ್ಕಿಂತ ಕಡಿಮೆಯಲ್ಲಿ ಮುಗಿದ ತೀರುವಳಿ. ಕೊಟ್ಟವನು ಬಿಟ್ಟ, ಪಡೆದವನು ತೀರಿಸಿದ, ಎಲ್ಲವೂ ಎಲ್ಲರೆದುರು ನಡೆಯಿತು. ಆ ಬಿಟ್ಟ ಅರ್ಧದಲ್ಲಿ ತನ್ನ ಪಾಲು ಹುಡುಕುವ ಮೂರನೆಯವನೊಬ್ಬ ಪರದೆಯ ಹಿಂದೆ ನಿಂತಿರಲಿಲ್ಲ.

ಈ ವ್ಯಾಪಾರವನ್ನು ನೇರವಾಗಿ ಮಾಡಲು ಬರುವುದಿಲ್ಲವೇ? ಬರುತ್ತದೆ. ಒಪ್ಪಿಗೆ ಪತ್ರವನ್ನೂ ಕ್ರಯಪತ್ರದ ಕರಡನ್ನೂ ಸಹಿಗೆ ಮೊದಲು ಕೊನೆಯ ಸಾಲಿನವರೆಗೆ ಓದಬೇಕು. ಷರತ್ತು ಹೆಚ್ಚಾಯಿತು ಎನಿಸಿದರೆ ಅದನ್ನು ತೆಗೆಯಲು ಅಥವಾ ಕಡಿಮೆ ಮಾಡಲು ಬ್ಯಾಂಕನ್ನೇ ಬರಹದಲ್ಲಿ ಕೇಳಬೇಕು, ಕೇಳುವುದಕ್ಕೆ ದುಡ್ಡಿಲ್ಲ. ಒಪ್ಪದಿದ್ದರೆ ಮೂರು ತಿಂಗಳ ತೆರಿಗೆ, ವಿಮೆ, ಕಾವಲಿನ ಖರ್ಚನ್ನು ಮೊದಲೇ ಸೇರಿಸಿ, ಅಷ್ಟನ್ನು ಕಳೆದ ಮೇಲೂ ಗಿಟ್ಟುವುದಾದರೆ ಮಾತ್ರ ಕೊಳ್ಳಬೇಕು. ಆ ಮೂರು ತಿಂಗಳಲ್ಲಿ ಮಾಡು, ನಲ್ಲಿ, ವೈರಿಂಗ್ ನಿಜವಾಗಿ ರಿಪೇರಿ ಮಾಡಿಸಿದರೆ ಸಿಗುವ ಲಾಭ ದುಡಿಮೆಯ ಲಾಭ. ಮುಂದಿನ ಗಿರಾಕಿ ಈಗಾಗಲೇ ಇದ್ದರೆ ಅದನ್ನು ಬ್ಯಾಂಕಿಗೂ ನೋಂದಣಿ ಮಾಡಿಸುವವರಿಗೂ ಹೇಳಬೇಕು. ಕೊಳ್ಳುವ ಮೊದಲು ಮಾರುವವನ ಪರವಾಗಿ ಒಂದು ಮಾತು ಕೇಳಬೇಕು: ಉಳಿದ ಬಾಕಿಯನ್ನು ಮನ್ನಾ ಮಾಡಿದ್ದೇವೆಂದು ಬ್ಯಾಂಕು ಬರೆದುಕೊಟ್ಟಿದೆಯೇ? ಇದರಿಂದ ನಿಮಗೆ ನಷ್ಟವಿಲ್ಲ. ಅವನ ಮುಂದಿನ ವರ್ಷಗಳು ಅದರ ಮೇಲೆ ನಿಂತಿರಬಹುದು.

ಅಷ್ಟಕ್ಕೂ ನಿಯಮಗಳು ಹುಟ್ಟಿದ್ದು ಸುಮ್ಮನೆ ಅಲ್ಲ. 1990ರ ದಶಕದ ಕೊನೆಯಲ್ಲಿ ಬಾಲ್ಟಿಮೋರಿನಂಥ ನಗರಗಳಲ್ಲಿ ಹಾಳು ಮನೆಗಳನ್ನು ಅಗ್ಗಕ್ಕೆ ಕೊಂಡು ಬಡವರ ತಲೆಗೆ ದುಪ್ಪಟ್ಟಿಗೆ ಕಟ್ಟಿದವರು ಓಣಿಗಳನ್ನೇ ಹಾಳುಗೆಡವಿದರು. ಅದರ ನಂತರವೇ, 2003ರಲ್ಲಿ, ಸರ್ಕಾರಿ ವಿಮೆಯ ಸಾಲದಲ್ಲಿ ಕೊಳ್ಳುವ ಮನೆಯನ್ನು ಮಾರುವವನು ಕನಿಷ್ಠ 90 ದಿನ ಇಟ್ಟುಕೊಂಡಿರಬೇಕೆಂಬ ಇನ್ನೊಂದು ನಿಯಮ ಬಂತು. 2010ರಿಂದ 2014ರವರೆಗೆ ಅದನ್ನು ಅಮಾನತಿನಲ್ಲಿಟ್ಟು ಮತ್ತೆ ಜಾರಿ ಮಾಡಿದರು. ಬ್ಯಾಂಕಿನ ಷರತ್ತು ಬೇರೆ, ಇದು ಬೇರೆ. ಬ್ಯಾಂಕು ತನ್ನ ನಷ್ಟಕ್ಕೆ ಹೆದರಿ ಬರೆದದ್ದು ಅದು. ಕೊನೆಗೆ ಕೊಳ್ಳುವ ಬಡವನನ್ನು ನೋಡಿ ಬರೆದದ್ದು ಇದು.

ಕರ್ನಾಟಕದ ಓದುಗರಿಗೆ ಇದೆಲ್ಲ ದೂರದ ಕಥೆಯಾಗಿ ಕಾಣಬೇಕಿಲ್ಲ. ಬೆಂಗಳೂರಿನಲ್ಲಿ ಬಿಡಿಎ ಸೈಟು ಸಿಕ್ಕವನು ಲೀಸ್ ಕಮ್ ಸೇಲ್ ಕರಾರಿನ 10 ವರ್ಷ ಅದನ್ನು ಮಾರುವಂತಿಲ್ಲ ಎಂಬ ಷರತ್ತು ನಮಗೆಲ್ಲ ಗೊತ್ತು. ಅದನ್ನು ದಾಟಲು ಜಿಪಿಎ ಬರೆಸಿಕೊಂಡು 'ಮಾರಿಲ್ಲ, ಅಧಿಕಾರ ಕೊಟ್ಟಿದ್ದೇನೆ' ಎನ್ನುವ ಹಿಕಮತ್ತೂ ಗೊತ್ತು. ಜಿಪಿಎ ಮೂಲಕ ಮಾಲಿಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರಿನಲ್ಲಿ ಹೇಳಿತು. ದಲಿತರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯಲು 1978ರಲ್ಲಿ ನಮ್ಮ ರಾಜ್ಯ ಕಾನೂನನ್ನೇ ಮಾಡಬೇಕಾಯಿತು. ಷರತ್ತು ಮೀರಿ ಅಗ್ಗಕ್ಕೆ ಕೊಂಡವರು ಅಷ್ಟಿದ್ದರು. ಆ ಷರತ್ತುಗಳಲ್ಲಿ ಬಡವನ ಹಿತವಾದರೂ ಇತ್ತು, ಅಮೆರಿಕದ ಬ್ಯಾಂಕಿನ ಷರತ್ತಿನಲ್ಲಿ ಅದೂ ಇಲ್ಲ. ಆದರೆ ಮುರಿಯುವವನ ಕೈ ಎರಡೂ ಕಡೆ ಒಂದೇ. ನಮ್ಮ ಹುಡುಗರು ವಿಮಾನ ಹತ್ತುವ ಮೊದಲೇ ಈ ಪಾಠವನ್ನು ಮನೆಯ ಪಡಸಾಲೆಯಲ್ಲಿ ಕಲಿತಿದ್ದರು ಎಂಬುದನ್ನು ಹಿರಿಯರಾದ ನಾವು ಒಪ್ಪಿಕೊಳ್ಳಬೇಕು.

ನಮ್ಮ ಮಸೀದಿಗಳ ಮಿಂಬರಿನಿಂದ ಬಡ್ಡಿಯ ಬಗ್ಗೆ ಎಷ್ಟೋ ಜುಮಾ ಪ್ರವಚನಗಳನ್ನು ಕೇಳಿದ್ದೇವೆ. ಸಹಿಯ ಬಗ್ಗೆ ಎಷ್ಟು ಕೇಳಿದ್ದೇವೆ? ಒಪ್ಪಂದಗಳನ್ನು ಪೂರೈಸಿರಿ ಎಂಬುದು ಅಲ್ ಮಾಇದಾ ಅಧ್ಯಾಯದ ಮೊದಲ ವಚನದ ಮೊದಲ ಆದೇಶ. ಆ ಒಪ್ಪಂದ ಯಾರೊಡನೆ ಎಂಬ ವಿನಾಯಿತಿ ಅಲ್ಲಿಲ್ಲ. ಹಲಾಲ್ ಮಾಂಸದ ಅಂಗಡಿಯನ್ನು ಹುಡುಕಿಕೊಂಡು 30 ಮೈಲಿ ಕಾರು ಓಡಿಸುವ ನಮ್ಮ ಹುಡುಗರು, ತಾವೇ ಸಹಿ ಹಾಕಿದ ಕಾಗದಕ್ಕಾಗಿ 90 ದಿನ ಕಾಯಲಾರರೇ? ಕಾಯಲಾರೆವು ಎನ್ನುವುದಾದರೆ ಆ ಮನೆ ಬೇಡ. ಕಾಯುವುದಾದರೆ, ದುಡಿದು ಗಳಿಸಿದ ಲಾಭವನ್ನು ಸಂತೋಷದಿಂದ ಉಣ್ಣಲಿ. ನಡುವಿನ ದಾರಿಗೆ ಕಂಪೆನಿ, ಟ್ರಸ್ಟು, ಜಿಪಿಎ ಎಂದು ಏನೇ ಹೆಸರಿಡಲಿ, ಹಲಾಲ್ ಎಂಬ ಹೆಸರನ್ನು ಮಾತ್ರ ಇಡಬಾರದು.